ಅಕ್ಕೋರು ಇಟ್ಟ ಚುಕ್ಕಿ

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಒಂದು ವಾರದಿಂದ ನವಿ ಮುಂಬಯಿಯ ಕಾಮೋಠೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತಿದೆ. ಮುಚ್ಚಳಕ್ಕೆ ತುಕ್ಕು ಹಿಡಿದು ಬಿಗಿಯಾಗಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದಾಗ ಒಳಗಿನಿಂದ ಪೆನ್ಸಿಲ್ ಕೆತ್ತಿದ ಮರದ ವಾಸನೆ ಬಂತು. ಹೆಬ್ಬೆರಳುದ್ದದ ಪೆನ್ಸಿಲ್ ತುಂಡುಗಳು, ಕಾಗದ ಸುತ್ತಿದ ಅರ್ಧ ಬ್ಲೇಡು, ಮೂಲೆ ಸವೆದ ಒಂದು ರಬ್ಬರು, ಎಲ್ಲದರ ತಳದಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಎರಡು ಹಾಳೆ. ನನ್ನ ಮಗಳು ಡಬ್ಬಿಯೊಳಗೆ ಮೂಗಿಟ್ಟು, "ಸ್ಕೂಲ್ ಜೈಸಾ ಸ್ಮೆಲ್ ಹೈ" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಹಿಂದಿ. ಹೌದು, ಶಾಲೆಯ ವಾಸನೆಯೇ ಅದು… ಆದರೆ ನನಗೆ ಯಾವ ಶಾಲೆಯೂ ನೆನಪಾಗಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ನೆಲಮಹಡಿಯ ಮನೆ, ಅಲ್ಲಿನ ಚಾಪೆ, ಚಾಪೆಯ ಆಚೆ ಕೂತಿರುತ್ತಿದ್ದ ಅಕ್ಕೋರು ನೆನಪಾದರು.

ವಿಜಯಪುರದ ಕಡೆ ಶಾಲೆಯ ಹೆಣ್ಣು ಮೇಷ್ಟರನ್ನು ಅಕ್ಕೋರು ಎಂದು ಕರೆಯುತ್ತಾರೆ. ನಮ್ಮ ಅಕ್ಕೋರು ಆ ಕಡೆಯವರೇ, ಪಕ್ಕದ ಕಲ್ಯಾಣದ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ಯಜಮಾನರಿಗೆ ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ. ನಾವು ಅದೇ ಬಿಲ್ಡಿಂಗಿನ ಎರಡನೇ ಮಹಡಿಯವರು, ಉಡುಪಿ ಕಡೆಯವರು. ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಗೇಟಿನಾಚೆ ಮರಾಠಿ ಹಿಂದಿ. ನಡುವೆ ಕನ್ನಡಕ್ಕೆ ಜಾಗವೇ ಇರಲಿಲ್ಲ. ಮಗಳು ಕನ್ನಡ ಓದಲು ಬಾರದವಳಾದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆಂದು ಅಮ್ಮ ನನ್ನನ್ನು ಭಾನುವಾರ ಭಾನುವಾರ ಕೆಳಗೆ ದಬ್ಬುತ್ತಿದ್ದಳು. ನಾನು ಹೋಗುತ್ತಿದ್ದದ್ದು ಅಕ್ಕೋರು ಕೊಡುತ್ತಿದ್ದ ಶೇಂಗಾ ಚಿಕ್ಕಿಯ ಆಸೆಗೆ ಎಂಬುದನ್ನು ಈಗ ಒಪ್ಪಿಕೊಂಡರೆ ತಪ್ಪಿಲ್ಲ.

ಅವರದೊಂದು ವಿಚಿತ್ರ ಪದ್ಧತಿಯಿತ್ತು. ಕೆಂಪು ಪೆನ್ನನ್ನು ಮುಟ್ಟುತ್ತಿರಲಿಲ್ಲ. ನಾವು ಬರೆದ ಸಾಲಿನಲ್ಲಿ ತಪ್ಪಿದ್ದರೆ ಆ ಸಾಲಿನ ಎದುರು, ಅಂಚಿನಲ್ಲಿ, ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದರು. ಅಷ್ಟೇ. ಏನು ತಪ್ಪು ಎಂದು ಹೇಳುತ್ತಿರಲಿಲ್ಲ. ಎಷ್ಟು ಗೋಗರೆದರೂ ಒಂದೇ ಉತ್ತರ. "ಯಾವ ಸಾಲಿನಾಗ ಐತಿ ಅಂತ ನಾ ಹೇಳೀನಿ. ಏನೈತಿ ಅಂತ ನೀ ಹುಡುಕು." ನಾವು ಹುಡುಕಿ, ತಪ್ಪನ್ನು ಹೊಡೆದುಹಾಕಿ, ಕೆಳಗೆ ಸರಿಯಾದದ್ದನ್ನು ಬರೆದು ತೋರಿಸಿದ ಮೇಲೆ ರಬ್ಬರು ತೆಗೆದುಕೊಂಡು ಚುಕ್ಕಿಯನ್ನು ಅಳಿಸುತ್ತಿದ್ದರು. ಅಳಿಸುವ ಅಧಿಕಾರ ಅವರದು ಮಾತ್ರ. ಒಮ್ಮೆ ನಾನೇ ಬೆರಳಿಗೆ ಎಂಜಲು ಹಚ್ಚಿ ಅಳಿಸಿದ್ದೆ. ಅವರು ಬೈಯಲಿಲ್ಲ, ಹೊಸ ಚುಕ್ಕಿ ಇಟ್ಟು ಪುಸ್ತಕ ವಾಪಸು ಕೊಟ್ಟರು. ಒಂದು ಒತ್ತಕ್ಷರಕ್ಕಾಗಿ ಮೂರು ಭಾನುವಾರ ಕಾದದ್ದುಂಟು. ಅವರಿಗೆ ಅವಸರ ಎಂಬುದೇ ಇರಲಿಲ್ಲ.

ಅವರ ಶಾಲೆಯ ಮಕ್ಕಳು ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಕೆಲಸ ದಿವಾ ಸ್ಟೇಷನ್ನಿನ ಕಡೆಗೆ ಸರಿದರೆ ಸಂಸಾರವೂ ದಿವಾಕ್ಕೆ, ಮಗುವಿನ ಶಾಲೆ ಅಲ್ಲಿಗೆ ಬಂದ್. ಅಕ್ಕೋರು ರಜೆಯ ದಿನ ಸೈಟುಗಳಲ್ಲಿ ಇಟ್ಟಿಗೆ ರಾಶಿಗಳ ನಡುವೆ ತಮ್ಮ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಚೀಲದಲ್ಲಿ ಈ ಡಬ್ಬಿ ಇರುತ್ತಿತ್ತು. ಪೆನ್ಸಿಲ್ ಕೊಟ್ಟರೆ ಓಡಿಹೋದ ಮಗುವೂ ತಿರುಗಿ ಬರುತ್ತದೆ ಎನ್ನುತ್ತಿದ್ದರು. ಎಷ್ಟು ಮಕ್ಕಳು ತಿರುಗಿ ಬಂದರೋ ಕಾಣೆ… ಡಬ್ಬಿಯಂತೂ ಖಾಲಿಯಾಗಲಿಲ್ಲ.

ನಾನು ಬೆಳೆದೆ. ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ ನವಿ ಮುಂಬಯಿಯ ಒಂದು ಸಂಶೋಧನಾಲಯಕ್ಕೆ ಪ್ರಾಜೆಕ್ಟ್ ಅಸಿಸ್ಟೆಂಟಾಗಿ ಸೇರಿದೆ. ಅಲ್ಲಿ ಸ್ತನ ಕ್ಯಾನ್ಸರಿನ ಮೇಲೆ ಕೆಲಸ. ಅದರಲ್ಲೂ ಹಾರ್ಮೋನಿನ ಗುಳಿಗೆಗೆ ಬಗ್ಗದ, ಬೇಗ ಹರಡುವ ಜಾತಿಯದು. ನನ್ನ ಪಾಲಿಗೆ ಬಂದದ್ದು ಐಸಿನ ಡಬ್ಬಿಯಲ್ಲಿ ಬರುವ ಗಂಟಿನ ಚೂರುಗಳನ್ನು ಅರೆದು, ಅದರೊಳಗಿನ ಕೆಲವು ಕಿಣ್ವಗಳು ಎಷ್ಟು ಚುರುಕಾಗಿವೆ ಎಂದು ಅಳೆಯುವುದು. ಕೆಲಸಕ್ಕೆ ಸೇರಿ ಮೂರು ತಿಂಗಳಾಗುವಷ್ಟರಲ್ಲಿ ಕ್ಯಾನ್ಸರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ ಎಂಬ ನಂಬಿಕೆ ಬಂದಿತ್ತು. ಬಿಲ್ಡಿಂಗಿನ ಮೆಟ್ಟಿಲ ಮೇಲೆ ಯಾರು ಸಿಕ್ಕಿದರೂ ಉಪದೇಶ ಕೊಡುತ್ತಿದ್ದೆ. ಅಪ್ಪನ ಹೋಟೆಲಿನ ಎಣ್ಣೆಯನ್ನೂ ಬಿಟ್ಟಿರಲಿಲ್ಲ.

ಆ ಹೊತ್ತಿನಲ್ಲೇ ಅಕ್ಕೋರ ಎಡಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಯ ಕಾಗದ ಹಿಡಿದುಕೊಂಡು ನನ್ನನ್ನು ಕೆಳಗೆ ಕರೆಸಿದರು. ಓದಿದೆ. ನಾನು ದಿನಾ ಅರೆಯುತ್ತಿದ್ದ ಜಾತಿಯದೇ. ನನ್ನ ಮುಖ ನೋಡಿ ಅವರು ಕಾಗದ ಹಿಂದಕ್ಕೆ ತೆಗೆದುಕೊಂಡರು. ಡಾಕ್ಟರು ಒಳ್ಳೆಯವರೇ, ಆದರೆ ಇಂಗ್ಲಿಷು ಹಿಂದಿ ಬೆರೆಸಿ ಗಡಿಬಿಡಿಯಲ್ಲಿ ಹೇಳುತ್ತಾರೆ, ತಲೆಗೆ ಹೋಗುವುದಿಲ್ಲ ಎಂದರು. ಆಮೇಲೆ ಕೇಳಿದ್ದು ಇಷ್ಟು: "ನನ್ನ ಮೈಯಾಗ ಏನ್ ನಡದೈತಿ, ನೀ ಏನ್ ಅಳಿಯಾಕತ್ತೀದಿ, ಎರಡು ಹಾಳಿ ಕನ್ನಡದಾಗ ಬರದ್ ಕೊಡವಾ."

ಕಾಯಿಲೆ ಅವರದು, ನನಗೆ ಮಾತ್ರ ಪರೀಕ್ಷೆಗೆ ಕೂತಷ್ಟು ಉತ್ಸಾಹ. ಎರಡು ದಿನ ಕೂತು ಬರೆದೆ. ಉಸಿರಾಡಿದ ಆಮ್ಲಜನಕದಲ್ಲಿ ಒಂದಿಷ್ಟು ಪಾಲು ಜೀವಕೋಶದೊಳಗೆ ಪುಂಡಾಟಕ್ಕೆ ಇಳಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಅದನ್ನು ಹಿಡಿದು ನೀರು ಮಾಡಲು ದೇಹ ಕಾವಲುಗಾರರನ್ನು ಇಟ್ಟಿದೆ. ಆ ಕಾವಲುಗಾರರೇ ಈ ಕಿಣ್ವಗಳು. ಪುಂಡರು ಹೆಚ್ಚಾಗಿ ಕಾವಲು ಸಾಲದೆ ಹೋದರೆ ಜೀವಕೋಶ ಕೆಡುತ್ತದೆ, ಕ್ಯಾನ್ಸರಿಗೆ ದಾರಿಯಾಗುತ್ತದೆ. ನೆಲ್ಲಿಕಾಯಿ, ಪುನರ್ಪುಳಿ, ಅರಿಸಿನದಲ್ಲಿರುವ ಆ್ಯಂಟಿಆಕ್ಸಿಡೆಂಟುಗಳು ಕಾವಲುಗಾರರಿಗೆ ಸಹಾಯ ಮಾಡುತ್ತವೆ. ಕೊನೆಗೆ, ಯಾರೂ ಕೇಳದಿದ್ದರೂ, ಒಂದು ತೀರ್ಮಾನ. ಆದ್ದರಿಂದ ಆ್ಯಂಟಿಆಕ್ಸಿಡೆಂಟುಗಳನ್ನು ಎಷ್ಟು ಹೆಚ್ಚು ತೆಗೆದುಕೊಂಡರೆ ಅಷ್ಟು ಒಳ್ಳೆಯದು.

ಅಕ್ಕೋರು ಕನ್ನಡಕ ಏರಿಸಿ ಓದಿದರು. ನಾಲ್ಕು ಚುಕ್ಕಿ ಬಿದ್ದವು. ನಾಲ್ಕೂ ಕಾಗುಣಿತದವು. ಅಲ್ಲೇ ಕೂತು ತಿದ್ದಿದೆ, ಅವರು ಚುಕ್ಕಿ ಅಳಿಸಿದರು. ಆಮೇಲೆ ಕಾವಲುಗಾರರನ್ನು ಕಣ್ಣಿಗೆ ತೋರಿಸುತ್ತೇನೆಂದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಹಸಿ ಬಟಾಟೆಯ ಹೋಳಿನ ಮೇಲೆ ಗಾಯ ತೊಳೆಯುವ ಪೆರಾಕ್ಸೈಡ್ ನಾಲ್ಕು ಹನಿ ಬಿಟ್ಟೆ. ಬುರುಬುರು ನೊರೆ ಎದ್ದಿತು. ಬಟಾಟೆಯಲ್ಲಿರುವ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮಾಡುತ್ತಿದೆ, ನೊರೆಯಲ್ಲಿ ಹೊರಗೆ ಬರುತ್ತಿರುವುದು ಆಮ್ಲಜನಕ ಎಂದೆ. ಅವರು ಮಗುವಿನ ಹಾಗೆ ಇನ್ನೊಂದು ಹೋಳು ಕತ್ತರಿಸಿ ತಾವೇ ಹನಿ ಬಿಟ್ಟು ನೋಡಿದರು. ನೊರೆ ಇಳಿಯುವವರೆಗೂ ನೋಡುತ್ತಾ ನಿಂತಿದ್ದು, ಮೆಲ್ಲಗೆ ಕೇಳಿದರು.

"ಗಂಟಿನೊಳಗೂ ಈ ಕಾವಲುಗಾರರು ಇರ್ತಾರೇನವಾ?"

ಅದೆಲ್ಲ ಬಹಳ ಕಾಂಪ್ಲಿಕೇಟೆಡ್ ಉಂಟು ಅಕ್ಕೋರೇ, ಎಂದೆ. ಗೊತ್ತಿಲ್ಲ ಎನ್ನುವ ಬದಲು ನಾವು ವಿಜ್ಞಾನದವರು ಬಳಸುವ ಮಾತು ಅದು. ಆ ಪ್ರಶ್ನೆಯ ಮೇಲೇ ಜಗತ್ತಿನಲ್ಲಿ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆಂದು ನನಗೆ ಆಗ ತಿಳಿದಿರಲಿಲ್ಲ. ಮರುದಿನ ಲ್ಯಾಬಿನಿಂದ ಬರುವಾಗ ಠಾಣೆ ರೈಲು ಸ್ಟೇಷನ್ನಿನಲ್ಲಿ ಇಳಿದು, ದೊಡ್ಡ ಔಷಧದಂಗಡಿಯಿಂದ ಕಿತ್ತಳೆ ಬಣ್ಣದ ಗುಳಿಗೆಗಳ ಒಂದು ದೊಡ್ಡ ಬಾಟಲಿ ತಂದುಕೊಟ್ಟೆ. ಆ್ಯಂಟಿಆಕ್ಸಿಡೆಂಟು, ಜಾಸ್ತಿ ಪವರಿನದು, ದಿನಕ್ಕೆರಡು. ಡಾಕ್ಟರಿಗೆ ಹೇಳಬೇಕೇ ಎಂದು ಅವರು ಕೇಳಿದ್ದಕ್ಕೆ, ಇದು ಔಷಧವೇ ಅಲ್ಲವಲ್ಲ, ನೆಲ್ಲಿಕಾಯಿ ತಿಂದ ಹಾಗೆ ಎಂದೆ. ಅವರು ಆಗಲಿ ಎಂದು ಬಾಟಲಿಯನ್ನು ದೇವರ ಪಟದ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾಗಿ ಮೆಟ್ಟಿಲು ಹತ್ತಿದೆ.

ಆಪರೇಷನ್ನಿಗೆ ಮೊದಲು ಕೀಮೋ ಎಂದು ಗೊತ್ತಾಯಿತು. ಆಸ್ಪತ್ರೆ ನವಿ ಮುಂಬಯಿಯ ಕಡೆ. ನನ್ನ ದಾರಿಯೂ ಅದೇ. ಎಷ್ಟೋ ಬೆಳಿಗ್ಗೆ ಒಟ್ಟಿಗೆ ಠಾಣೆಯವರೆಗೆ ಹೋಗಿ, ಅಲ್ಲಿ ಸೇತುವೆ ಹತ್ತಿ ಇಳಿದು, ವಾಶಿ ಕಡೆಯ ಲೋಕಲ್ ಗಾಡಿ ಹಿಡಿಯುತ್ತಿದ್ದೆವು. ಕಾಕಾ, ಅಂದರೆ ಅವರ ಯಜಮಾನರು, ಚೀಲ ಹಿಡಿದು ಗಂಡಸರ ಡಬ್ಬಿಗೆ, ನಾವಿಬ್ಬರು ಲೇಡೀಸಿಗೆ. ತಲೆಗೆ ಸೆರಗು ಬಿಗಿದ ಅಕ್ಕೋರನ್ನು ಕಂಡರೆ, ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟಿಗೆ ಜಗಳಾಡುವ ಹೆಂಗಸರೂ ಕಿಟಕಿಯ ಜಾಗ ಬಿಟ್ಟುಕೊಡುತ್ತಿದ್ದರು. ಕೂದಲು ಹೋಗಿದ್ದಕ್ಕೆ ಅವರು ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಬಾಯಿಗೆ ಚಹಾ ಕೂಡ ತಗಡಿನ ಹಾಗೆ ರುಚಿಸುತ್ತದೆ ಎಂಬುದೊಂದೇ ಅವರ ದೂರು.

ಎರಡು ಸುತ್ತು ಕೀಮೋ ಮುಗಿದಿತ್ತು. ಒಂದು ದಿನ ಲ್ಯಾಬಿನಲ್ಲಿ ನನ್ನ ಅಳತೆಗಳನ್ನು ಲ್ಯಾಬಿನ ಮುಖ್ಯಸ್ಥೆ ಮೇಡಂ ಮುಂದೆ ಹರಡಿ ಕೂತಿದ್ದೆ. ಕೆಲವು ಗಂಟುಗಳಲ್ಲಿ ಕಾವಲಿನ ಕಿಣ್ವಗಳು ಸೋತಿದ್ದವು, ಕೆಲವದರಲ್ಲಿ ಪಕ್ಕದ ಆರೋಗ್ಯವಂತ ಚೂರಿಗಿಂತಲೂ ಜೋರಾಗಿದ್ದವು. ನಾನು ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡಿದ್ದೆ. ಮೇಡಂ ನಕ್ಕು, ತಪ್ಪಲ್ಲ, ಇದೇ ನಾವು ಹುಡುಕುತ್ತಿರುವುದು ಎಂದರು. ಈ ಜಾತಿಯ ಕ್ಯಾನ್ಸರ್ ಕೋಶ ಹುಚ್ಚೆದ್ದು ಬೆಳೆಯುವಾಗ ತನ್ನೊಳಗೇ ಪುಂಡಾಟ ಹೆಚ್ಚಿಸಿಕೊಂಡಿರುತ್ತದೆ. ಅದರಿಂದ ಸಾಯದೆ ಉಳಿಯಲು ಕಾವಲನ್ನೂ ಬಲಪಡಿಸಿಕೊಳ್ಳುತ್ತದೆ. ಕೀಮೋದ ಕೆಲವು ಔಷಧಗಳು ಆ ಪುಂಡಾಟವನ್ನು ಕೋಶ ತಡೆಯಲಾರದಷ್ಟು ಏರಿಸಿ ಕೊಲ್ಲುತ್ತವೆ. ಕಾವಲು ಗಟ್ಟಿಯಿದ್ದರೆ ಕೋಶ ಬದುಕಿಕೊಳ್ಳುತ್ತದೆ. ಆಮೇಲೆ, ಹೇಳದಿದ್ದರೂ ನಡೆಯುತ್ತಿತ್ತು ಎಂಬಂತೆ, ಇನ್ನೊಂದು ಮಾತು ಸೇರಿಸಿದರು: ಅದಕ್ಕೇ ಚಿಕಿತ್ಸೆಯ ನಡುವೆ ತಾವಾಗಿಯೇ ಜಾಸ್ತಿ ಪವರಿನ ಆ್ಯಂಟಿಆಕ್ಸಿಡೆಂಟ್ ಗುಳಿಗೆ ನುಂಗಬೇಡಿ ಎಂದು ಡಾಕ್ಟರುಗಳು ಹೇಳುವುದು, ಯಾರ ಕಾವಲಿಗೆ ಬಲ ಸಿಗುತ್ತದೆಂದು ಯಾರಿಗೆ ಗೊತ್ತು.

ಅಳತೆಯ ಹಾಳೆಗಳನ್ನು ಮಡಚಿಕೊಂಡು ಎದ್ದೆ. ಗಂಟಿನೊಳಗೂ ಇರುತ್ತಾರೇನವಾ ಎಂದು ಕೇಳಿದ್ದು ಯಾವ ಮೇಡಮ್ಮೂ ಅಲ್ಲ, ಬಟಾಟೆ ಹೋಳಿನ ಮುಂದೆ ನಿಂತ ಕನ್ನಡ ಶಾಲೆಯ ಅಕ್ಕೋರು.

ಆ ಸಂಜೆಯೇ ಹೇಳಬೇಕಿತ್ತು. ಹೇಳಲಿಲ್ಲ. ಮೂರು ದಿನ ಬಿಲ್ಡಿಂಗಿನ ಗೇಟಿನಿಂದ ಕಳ್ಳಿಯಂತೆ ಒಳಗೆ ಹೋದೆ. ನಾಲ್ಕನೇ ದಿನ ಅವರ ಜೊತೆಗೇ ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ವಾಶಿ ಗಾಡಿಗೆ ಕಾಯುವಾಗ, ಇನ್ನು ತಡೆದರೆ ಮೂರನೇ ಸುತ್ತೂ ಆಗಿಹೋಗುತ್ತದೆ ಎಂಬ ಹೆದರಿಕೆಯಲ್ಲಿ ಬಾಯಿ ತೆರೆದೆ. ಬಂದದ್ದು ಸುಳ್ಳು.

"ಅಕ್ಕೋರೇ, ಆ ಗುಳಿಗೆ ಇನ್ನು ಬೇಡ. ಆ ಕಂಪೆನಿಯದ್ದು ಡೂಪ್ಲಿಕೇಟ್ ಬರ್ತಾ ಉಂಟಂತೆ."

ಅವರು ನನ್ನನ್ನೇ ನೋಡಿದರು. ಪುಸ್ತಕದಲ್ಲಿ ಚುಕ್ಕಿ ಇಡುವ ಮೊದಲು ನೋಡುತ್ತಿದ್ದ ನೋಟ ಅದು, ಆದರೆ ನನಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಹೌದೇನು, ಎಂದರು. ಆಮೇಲೆ, "ಮತ್ತ ಏನರ ಹೇಳೂದೈತೇನು?" ಎಂದರು. ಇಲ್ಲ ಎಂದೆ. ಗಾಡಿ ಬಂತು. ಅವರಿಗೆ ಕಿಟಕಿಯ ಜಾಗ ಸಿಕ್ಕಿತು. ಐರೋಳಿ ದಾಟುವವರೆಗೂ ಅವರು ಹೊರಗೆ ನೋಡುತ್ತಿದ್ದರು, ನಾನು ಮೊಬೈಲಿನಲ್ಲಿ ಏನೋ ಹುಡುಕುವವಳಂತೆ ಬೆರಳಾಡಿಸುತ್ತಿದ್ದೆ.

ಗುಳಿಗೆ ನಿಂತಿತಲ್ಲ, ಕೆಲಸ ಆಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಎರಡು ಸುತ್ತು ಆಗಿಹೋಗಿದ್ದವಲ್ಲ… ಆಪರೇಷನ್ ಆಯಿತು. ಕೆಲವು ತಿಂಗಳು ಅಕ್ಕೋರು ಚೆನ್ನಾಗಿಯೇ ಇದ್ದರು, ಶಾಲೆಗೂ ಹೋದರು. ಆಮೇಲೆ ಕೆಮ್ಮು ಶುರುವಾಯಿತು. ಶ್ವಾಸಕೋಶಕ್ಕೆ ಹರಡಿತ್ತು. ನನಗೆ ಆಗ ಪಿಎಚ್‌ಡಿಯ ಗಡಿಬಿಡಿ, ವಾಸವೂ ಲ್ಯಾಬಿನ ಹತ್ತಿರದ ಬಾಡಿಗೆ ಖೋಲಿಗೆ ಬದಲಾಗಿತ್ತು. ಅವೆಲ್ಲ ನೆಪ. ನಿಜವಾದ ಕಾರಣ ದೇವರ ಪಟದ ಪಕ್ಕದ ಆ ಗೂಡು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಕೊನೆಯ ಸಲ ಹೋದಾಗ ಹಾಲ್‌ನಲ್ಲಿ ಮಂಚ ಹಾಕಿದ್ದರು. ದಿಂಬಿಗೆ ಒರಗಿದ್ದ ಅಕ್ಕೋರು ನನ್ನ ಕೈ ಹಿಡಿದುಕೊಂಡು ಉಸಿರು ಕೂಡಿಸಿ ಕೂಡಿಸಿ ಮಾತಾಡಿದರು. ನನ್ನ ಕೆಲಸ ಹೇಗೆ ನಡೆದಿದೆ, ಅಪ್ಪನ ಮೊಣಕಾಲು ಹೇಗಿದೆ ಎಂದೆಲ್ಲ ಕೇಳಿದರು. ಹೊರಡುವಾಗ ಮಾತ್ರ ಕೈ ಬಿಡಲಿಲ್ಲ.

"ನೀ ಬರದ ಹಾಳಿ ಕಪಾಟಿನಾಗ ಅದಾವ. ಇನ್ನೊಮ್ಮಿ ಓದ್ತೀಯೇನು?"

ಇನ್ನೊಮ್ಮೆ ಬಂದಾಗ ಓದುತ್ತೇನೆ ಎಂದೆ. ಗಾಡಿಗೆ ಹೊತ್ತಾಯಿತು ಎಂದೆ. ಆ ಹಾಳೆಯ ಕೊನೆಯ ಸಾಲು ನನಗೆ ಬಾಯಿಪಾಠವಿತ್ತು. ಅದನ್ನು ಅವರ ಮಂಚದ ಪಕ್ಕ ಕೂತು ಓದುವುದು ನನ್ನಿಂದಾಗುತ್ತಿರಲಿಲ್ಲ. ಅವರು ಆಗಲಿ ಎಂದು ಕೈ ಬಿಟ್ಟರು. ಹತ್ತು ದಿನಕ್ಕೆ ಅಮ್ಮನ ಫೋನು ಬಂತು. ಇನ್ನೊಮ್ಮೆ ಎಂಬುದು ಇರಲಿಲ್ಲ.

ಅಕ್ಕೋರು ಹೋಗಿ ಹತ್ತು ವರ್ಷದ ಮೇಲಾಯಿತು. ನಾನೀಗ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ಪ್ರತಿವರ್ಷ ಬಟಾಟೆ ಹೋಳಿನ ಮೇಲೆ ನೊರೆ ಎದ್ದಾಗ ಮಕ್ಕಳು ಫೋಟೋ ತೆಗೆಯುತ್ತಾರೆ, ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ. ಇಂಥ ಕಾಯಿಲೆ ಯಾರಲ್ಲಿ ಏಕೆ ಮರುಕಳಿಸುತ್ತದೆಂದು ಒಂದು ಬಾಟಲಿಯತ್ತ ಬೆರಳು ತೋರಿಸಿ ಹೇಳಲಾಗದು. ಇದು ಓದಿದವಳ ಮಾತು. ಎರಡು ಸುತ್ತು ಕೀಮೋದಲ್ಲಿ ಅವರ ಗಂಟಿನ ಕಾವಲಿಗೆ ನಾನೇ ಬಲ ಕೊಟ್ಟೆ ಎಂಬುದು ಓದದೆ ಉಳಿದ ಮನಸ್ಸಿನ ಮಾತು. ಇಷ್ಟು ವರ್ಷ ಗೆದ್ದದ್ದು ಅದೇ.

ಹೋದ ಭಾನುವಾರ ಕಾಕಾ ಫೋನು ಮಾಡಿ ಕರೆದರು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿದೆ, ಕೆಡವಿ ಹೊಸದು ಕಟ್ಟುತ್ತಾರೆ, ಮನೆ ಖಾಲಿ ಮಾಡಬೇಕು, ನಿನಗೆ ಕೊಡುವುದೊಂದಿದೆ ಎಂದರು. ಹೋದೆ. ಅರ್ಧ ಮನೆ ಗೋಣಿಚೀಲದಲ್ಲಿತ್ತು. ದೇವರ ಪಟ ಇಳಿಸಿದ್ದರು, ಗೂಡು ಖಾಲಿ. ಕಾಕಾ ಈ ಡಬ್ಬಿಯನ್ನು ನನ್ನ ಕೈಗಿಟ್ಟರು. ಖಾಲಿ ಗೂಡನ್ನು ಎದುರಿಗಿಟ್ಟುಕೊಂಡು ಇನ್ನೂ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಗುಳಿಗೆ, ಮೇಡಂ ಹೇಳಿದ್ದು, ಠಾಣೆಯ ಸುಳ್ಳು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಾ ಅತ್ತೆ. ಕಾಕಾ ಹಗ್ಗ ಕಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಆ ಕಿತ್ತಳಿ ಬಣ್ಣದ್ದೇನು? ಅದನ್ನ ಮೊದಲನೇ ಕೀಮೋ ದಿನಾನ ಡಾಕ್ಟರಿಗೆ ತೋರ್ಸಿದ್ಲಲ್ಲ. ಬ್ಯಾಡಂದ್ರು. ಅಕಿ ಒಂದೂ ನುಂಗಿಲ್ಲ, ಮುಚ್ಚಳಾನೂ ತಗದಿರಲಿಲ್ಲ."

ಕೂರಲು ಕುರ್ಚಿ ಇರಲಿಲ್ಲ, ಗೋಣಿಚೀಲದ ಮೇಲೆ ಕೂತೆ. ಮತ್ತೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನೂ ಕೇಳ್ದೆ. ಹೇಳಬ್ಯಾಡ್ರಿ, ತಾನ ಹುಡುಕ್ತಾಳ, ತಾನ ಬಂದು ಹೇಳ್ತಾಳ ಅಂದ್ಲು. ಭಾಳ ದಿನ ಹಾದಿ ನೋಡಿದ್ಲು."

ಹಗುರವಾಯಿತೇ ಎಂದರೆ ಆಯಿತು. ಹತ್ತು ವರ್ಷ ಹೊತ್ತದ್ದು ಒಂದು ಕ್ಷಣದಲ್ಲಿ ಇಳಿಯಿತು. ನಾನು ಅವರನ್ನು ಕೊಂದಿರಲಿಲ್ಲ. ಡೊಂಬಿವಲಿ ಸ್ಟೇಷನ್ ತಲುಪುವಷ್ಟರಲ್ಲಿ ಬೇರೊಂದು ಬಂದು ಕೂತಿತು. ನನ್ನ ತಪ್ಪಿನಿಂದ ಅವರಿಗೆ ಏನೂ ಆಗಿರಲಿಲ್ಲ, ನನ್ನ ಸುಳ್ಳು ಮಾತ್ರ ಅವರಿಗೆ ತಲುಪಿತ್ತು. ಠಾಣೆಯ ಬೆಂಚಿನ ಮೇಲೆ ಒಮ್ಮೆ, ಮಂಚದ ಮೇಲೆ ಇನ್ನೊಮ್ಮೆ, ಅಷ್ಟು ಕಾಯಿಲೆಯ ನಡುವೆಯೂ ಅವರು ನನಗೆ ಸಾಲು ತೋರಿಸಿದ್ದರು. ಎರಡು ಸಲವೂ ನಾನು ಗಾಡಿ ಹಿಡಿದಿದ್ದೆ.

ಹಾಳೆಗಳನ್ನು ಬಿಚ್ಚಲು ಮತ್ತೆ ಆರು ದಿನ ಬೇಕಾಯಿತು. ನಿನ್ನೆ ಬಿಚ್ಚಿದೆ. ಮಡಿಕೆಗಳಲ್ಲಿ ಕಾಗದ ಹರಿಯುವಂತಾಗಿದೆ, ಎಷ್ಟೋ ಸಲ ಬಿಚ್ಚಿ ಮಡಚಿರಬೇಕು. ಅಂದು ತಿದ್ದಿದ ನಾಲ್ಕು ಜಾಗದಲ್ಲಿ ರಬ್ಬರು ಉಜ್ಜಿದ ಗುರುತು ಇನ್ನೂ ಕಾಣುತ್ತದೆ. ಎರಡನೇ ಹಾಳೆಯ ಕೊನೆಯ ಸಾಲಿನ ಎದುರು, ಅಂಚಿನಲ್ಲಿ, ಒಂದು ಚುಕ್ಕಿ. ಎಷ್ಟು ಹೆಚ್ಚು ತೆಗೆದುಕೊಂಡರೆ ಅಷ್ಟು ಒಳ್ಳೆಯದು ಎಂಬ ಸಾಲು.

ಡಬ್ಬಿಯಿಂದ ಒಂದು ಪೆನ್ಸಿಲ್ ತುಂಡು ತೆಗೆದು, ಅದೇ ಬ್ಲೇಡಿನಿಂದ ಕೆತ್ತಿದೆ. ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ. ಕಾವಲುಗಾರರು ಗಂಟಿನೊಳಗೂ ಇರುತ್ತಾರೆ. ಚಿಕಿತ್ಸೆಯ ನಡುವೆ ಡಾಕ್ಟರನ್ನು ಕೇಳದೆ ಇವನ್ನು ತೆಗೆದುಕೊಳ್ಳಬಾರದು. ನೀವು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿಮಗೆ ಸುಳ್ಳು ಹೇಳಿದೆ.

ಓದಿ ನೋಡಿದೆ. ಕಾಗುಣಿತ ಸರಿಯಿತ್ತು. ಮಗಳು ಪಕ್ಕದಲ್ಲಿ ನಿಂತಿದ್ದವಳು ಡಬ್ಬಿಯಿಂದ ರಬ್ಬರು ತೆಗೆದು, ಅಂಚಿನ ಚುಕ್ಕಿಯನ್ನು ಕೊಳೆ ಎಂದುಕೊಂಡು ಅಳಿಸಲು ಹೋದಳು. ನಾನು ಅವಳ ಕೈ ಹಿಡಿದೆ. ಅದನ್ನು ಅಳಿಸುವವರು ಬೇರೆ, ಅವರು ಈಗ ಇಲ್ಲ ಎಂದೆ. ರಬ್ಬರನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದೆ. ಚುಕ್ಕಿ ಹಾಗೇ ಇದೆ.